ದಕ್ಕೆಯ ಮಕ್ಕಳಿಗೂ ಡೈವಿಂಗ್ ಕಲಿಸಿ

ಮಂಗಳೂರಿನ ನಾಗರಿಕರೇ, ಹೆತ್ತವರೇ, ಉಪನ್ಯಾಸಕರೇ,

ಕಡಲ ವಿದ್ಯೆಗೆ ನಮ್ಮೂರಲ್ಲಿ ಬಡತನವಿಲ್ಲ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ಇಲ್ಲಿ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಇಲ್ಲಿದೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕಡಲ ಭೂವಿಜ್ಞಾನ ವಿಭಾಗವಿದೆ. ಆದರೆ ನೀರಿನಡಿಗೆ ಇಳಿದು ಅಧ್ಯಯನ ಮಾಡಬೇಕೆಂದರೆ ಮೊದಲ ಪ್ರಶ್ನೆ ಒಂದೇ: ಕೈಯಲ್ಲಿ ಎಷ್ಟು ದುಡ್ಡಿದೆ?

ಪ್ರವಾಸಿಗರು ತರಬೇತುದಾರನ ಕೈ ಹಿಡಿದು ಇಳಿದು ವಿಡಿಯೋ ಮಾಡಿಸಿಕೊಂಡು ಬರಲಿ, ನಮ್ಮ ತಕರಾರಿಲ್ಲ. ನಾವು ಕೇಳುತ್ತಿರುವುದು ಬೇರೆ, ವಿಜ್ಞಾನದ ಡೈವಿಂಗ್ ತರಬೇತಿ. ವಿಜ್ಞಾನಕ್ಕಾಗಿ ಇಳಿಯುವವರು ತಳದಲ್ಲಿ ಅಳತೆಪಟ್ಟಿ ಹಾಸಿ, ಅದರ ಎರಡೂ ಬದಿಯ ಮೀನು ಎಣಿಸುತ್ತಾರೆ. ಹವಳ ಎಷ್ಟು ಜೀವಂತವಾಗಿದೆ, ಎಷ್ಟು ಬಿಳಿಚಿದೆ ಎಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ. 10 ಮೀಟರ್ ಇಳಿದರೆ ದೇಹದ ಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಸಿಲಿಂಡರಿನ ಗಾಳಿ ಸೇದಿ, ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಅದಕ್ಕೇ ಅಮೆರಿಕದ ವಿಶ್ವವಿದ್ಯಾನಿಲಯಗಳು ಅನುಸರಿಸುವ ಮಾನದಂಡ 100 ತಾಸು ತರಬೇತಿ ಮತ್ತು ಕನಿಷ್ಠ 12 ಡೈವ್ ಕೇಳುತ್ತದೆ. ಮೂರ್ನಾಲ್ಕು ದಿನದ ಕೋರ್ಸಿಗೆ ದಕ್ಕುವ ವಿದ್ಯೆಯಲ್ಲ ಇದು.

ಇದನ್ನು ಕಲಿಯಲು ಸರಕಾರಿ ಕಾಲೇಜಿನ ಬಿ.ಎಸ್ಸಿ. ಹುಡುಗಿ ಎಲ್ಲಿಗೆ ಹೋಗಬೇಕು? ಸುಮಾರು 150 ಕಿ.ಮೀ. ದೂರದ ಮುರ್ಡೇಶ್ವರಕ್ಕೆ, ಇಲ್ಲವೇ ಗೋವಾಕ್ಕೆ, ಅಂಡಮಾನಿಗೆ. ಶುಲ್ಕ, ವಸತಿ, ಬೋಟು, ವೈದ್ಯಕೀಯ ತಪಾಸಣೆ, ಎಲ್ಲವೂ ಸ್ವಂತ ಖರ್ಚು. ಅವಳ ತಾಯಿ ದಕ್ಕೆಯಿಂದ ಬುಟ್ಟಿ ಹೊತ್ತು ಮೀನು ಮಾರುವವಳಾದರೆ ಮಾತು ಅಲ್ಲಿಗೇ ಮುಗಿಯಿತು.

ಸೋಮೇಶ್ವರ, ಸುರತ್ಕಲ್ಲಿನ ಬಂಡೆಗಳಲ್ಲಿ ಪಚ್ಚಿಲೆ ಚಿಪ್ಪು ತೆಗೆಯುವವರನ್ನು ನೋಡಿದ್ದೀರಲ್ಲ? ಸಿಲಿಂಡರಿಲ್ಲ, ಫಿನ್ ಇಲ್ಲ. ಅಲೆಯ ಲೆಕ್ಕ, ಸೆಳೆತದ ದಿಕ್ಕು ಅವರಿಗೆ ಗೊತ್ತು. ಹೊರಗಿನಿಂದ ಬಂದ ಸಂಶೋಧಕನಿಗೆ ಅಂಥ ಮನೆಯ ಹುಡುಗ ದೋಣಿ ನಡೆಸಿಕೊಡುತ್ತಾನೆ, ಜಾಗ ತೋರಿಸುತ್ತಾನೆ. ನೀರಿಗಿಳಿದು ದಾಖಲಿಸುವವನು ಇನ್ನೊಬ್ಬ. ಪ್ರಬಂಧದಲ್ಲಿ ಹೆಸರೂ ಆ ಇನ್ನೊಬ್ಬನದೇ. ಇದು ನ್ಯಾಯವಲ್ಲ, ವಿಜ್ಞಾನಕ್ಕೂ ನಷ್ಟ.

ಕೆಲಸಕ್ಕೇನೂ ಬರವಿಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪ್ಪಾಡಿ ಬಳಿ ಪ್ರಿನ್ಸೆಸ್ ಮಿರಾಲ್ ಹಡಗು ಸಾವಿರಾರು ಟನ್ ಉಕ್ಕಿನ ಸುರುಳಿಗಳೊಂದಿಗೆ ಮುಳುಗಿತು. ಇಂಥ ಹಡಗಿನ ಸುತ್ತ ತಳದಲ್ಲಿ ಏನಾಗುತ್ತಿದೆ ಎಂಬುದು ದಡದಲ್ಲಿ ನಿಂತರೆ ತಿಳಿಯುವುದಿಲ್ಲ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳವನ್ನು ವರ್ಷವರ್ಷವೂ ಎಣಿಸಬೇಕು. ಕೃತಕ ಬಂಡೆಸಾಲು ಹಾಕಿದ ಮೇಲೆ ಅಲ್ಲಿ ಮೀನು ನಿಂತಿತೇ ಎಂದು ನೋಡಬೇಕು.

ಕನ್ನಡಿಗರಿಗೆ ಇದು ಹೊಸ ದಾರಿಯೂ ಅಲ್ಲ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವವನ್ನು ಕಟ್ಟಿ, 1980ರ ದಶಕದಲ್ಲಿ ದ್ವಾರಕೆಯ ನೀರಿನಡಿ ಶೋಧ ನಡೆಸಿದವರು ಶಿಕಾರಿಪುರ ರಂಗನಾಥ ರಾವ್. 2025ರ ಫೆಬ್ರವರಿಯಲ್ಲಿ ಅದೇ ದ್ವಾರಕೆಯಲ್ಲಿ ಇಳಿದ ಪುರಾತತ್ವ ಇಲಾಖೆಯ ತಂಡದಲ್ಲಿ ಮಹಿಳೆಯರಿದ್ದರು. ಹುಡುಗಿಯರಿಗೇಕೆ ಈ ಉಸಾಬರಿ ಎನ್ನುವವರು ಇದನ್ನು ಗಮನಿಸಲಿ.

ಹಾಗಾದರೆ ಎಲ್ಲಿ ಕಲಿಸುವುದು? ನೇತ್ರಾವತಿ, ಗುರುಪುರ ಹೊಳೆಗಳ ಕೆಸರಿನಿಂದ ನಮ್ಮ ತೀರದ ನೀರು ಕಲಕಿರುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆದರೆ ಸ್ಮಾರ್ಟ್ ಸಿಟಿ ಹಣದಲ್ಲಿ ಕಟ್ಟಿದ ಎಮ್ಮೆಕೆರೆ ಈಜುಕೊಳ ನಗರದೊಳಗೇ ಇದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆ ಎರಡು ತಿಂಗಳು ಕೊಳದಲ್ಲಿ ಈಜು, ಉಸಿರಾಟ, ರಕ್ಷಣೆಯ ಪಾಠ ನಡೆಯಲಿ. ಮಳೆ ಮುಗಿದು ನೀರು ತಿಳಿಯಾದ ಮೇಲೆ ನೇತ್ರಾಣಿಯಲ್ಲಿ ಕಡಲಿಗಿಳಿಯಲಿ. ಈಜು ಬಾರದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಬಾರದು, ಈಜೇ ಮೊದಲ ಪಾಠವಾಗಲಿ. ಪಾಠ ಕನ್ನಡದಲ್ಲೂ ಇರಲಿ.

ಅಪಾಯವಿಲ್ಲವೇ ಎಂದು ಹೆತ್ತವರು ಕೇಳುತ್ತಾರೆ, ಕೇಳಲೇಬೇಕು. ಅಪಾಯವಿದೆ. ಅದಕ್ಕೇ ವೈದ್ಯರ ತಪಾಸಣೆ, ವಿಮೆ, ಅನುಭವಿ ತರಬೇತುದಾರರು, ಒಬ್ಬರೇ ಇಳಿಯಬಾರದೆಂಬ ಕಟ್ಟುನಿಟ್ಟು ಬೇಕು. ಇವೆಲ್ಲದರ ಖರ್ಚು ವಿದ್ಯಾರ್ಥಿಯ ತಲೆಗೆ ಬರಬಾರದು.

ಹಣಕ್ಕೆ ದಾರಿ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಪಾಲಿನ ಹಣವನ್ನು ಅವರಿಗೇ ಖರ್ಚು ಮಾಡಬೇಕೆಂದು 2013ರ ರಾಜ್ಯ ಕಾಯ್ದೆ ಹೇಳುತ್ತದೆ. ಕೊರಗ ಸಮುದಾಯದ ಮಕ್ಕಳಿಗೂ ಅದರಿಂದ ಸೀಟು ಸಿಗಲಿ. ಮೀನುಗಾರರ ಮಕ್ಕಳಿಗೆ ಮೀನುಗಾರಿಕೆ ಇಲಾಖೆ ಕೊಡಲಿ. ಕಡಲಿನಿಂದಲೇ ದುಡಿಯುವ ಬಂದರು, ಕಾರ್ಖಾನೆಗಳೂ ಕೈಜೋಡಿಸಲಿ.

ಓದುಗರೇ, ಈ ಕರಪತ್ರವನ್ನು ಮಡಚಿ ಇಡಬೇಡಿ. ನಿಮ್ಮ ಶಾಸಕರಿಗೆ, ಮಹಾನಗರ ಪಾಲಿಕೆ ಆಯುಕ್ತರಿಗೆ, ಮಕ್ಕಳು ಓದುವ ಕಾಲೇಜಿನ ಪ್ರಾಂಶುಪಾಲರಿಗೆ ಒಂದೊಂದು ಪತ್ರ ಬರೆಯಿರಿ. ಮುಂದಿನ ಜೂನ್‌ನಲ್ಲೇ ಎಮ್ಮೆಕೆರೆಯಲ್ಲಿ ಮೊದಲ ತಂಡ ನೀರಿಗಿಳಿಯಬೇಕೆಂದು ಕೇಳಿ.