ದಿನಕ್ಕೊಂದು ಲೀಟರ್ ನೀರು: ಹಳೆಯ ವಾಹನದ ಲೆಕ್ಕಕ್ಕೆ ಸಿಗದ ಸೋರಿಕೆ

ಗೋದಾಮಿನಲ್ಲಿ ದಿನಕ್ಕೊಂದು ಕಿಲೋ ಸಕ್ಕರೆ ಲೆಕ್ಕಕ್ಕೆ ಸಿಗದೆ ಹೋದರೆ ಯಾವ ವರ್ತಕರೂ ಸುಮ್ಮನಿರಲಾರರು. ದಾಸ್ತಾನು ಪುಸ್ತಕವನ್ನು ತೆರೆಸುತ್ತಾರೆ, ತಕ್ಕಡಿಯನ್ನು ಪರೀಕ್ಷಿಸುತ್ತಾರೆ, ಮೂಟೆಗಳನ್ನು ಮತ್ತೆ ಎಣಿಸುತ್ತಾರೆ. ಅದೇ ವರ್ತಕರು ತಮ್ಮ ಹಳೆಯ ವ್ಯಾನಿನ ರೇಡಿಯೇಟರಿಗೆ ಪ್ರತಿದಿನ ಬೆಳಿಗ್ಗೆ ಒಂದು ಲೀಟರ್ ನೀರು ಹಾಕಿಸುತ್ತ, ನಿನ್ನೆ ಹಾಕಿದ ನೀರು ಎಲ್ಲಿಗೆ ಹೋಯಿತೆಂದು ತಿಂಗಳುಗಟ್ಟಲೆ ವಿಚಾರಿಸದೆ ಇರುವುದು ಸೋಜಿಗದ ಸಂಗತಿ.

ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿ ನಿಂತಿತು. ಓಮ್ನಿ ವ್ಯಾನಿನದು 2019ರಲ್ಲಿ. ಆದರೂ ಅಂಗಡಿ, ಕಾರ್ಖಾನೆಗಳ ಮುಂದೆ ಇಂತಹ ವಾಹನಗಳು ಇನ್ನೂ ದುಡಿಯುತ್ತಿವೆ. ಹೊಸ ವಾಹನಕ್ಕೆ ಸಾಲ ಮಾಡುವ ಬದಲು ಇದ್ದುದನ್ನೇ ದುಡಿಸಿಕೊಳ್ಳುವುದು ವ್ಯವಹಾರಜ್ಞಾನವೇ ಸರಿ. ಆದರೆ ಆ ಉಳಿತಾಯವನ್ನು ನುಂಗಿಹಾಕುವ ದೋಷಗಳಲ್ಲಿ ಕೂಲೆಂಟ್ ಸೋರಿಕೆಗೆ ಮೊದಲ ಸಾಲಿನಲ್ಲೇ ಸ್ಥಾನವಿದೆ.

ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಅದರಲ್ಲಿ ದ್ರವ ದಿನೇ ದಿನೇ ಕಡಿಮೆಯಾಗಲು ನ್ಯಾಯವಾದ ಕಾರಣವೇ ಇಲ್ಲ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಚದರ ಸೆಂಟಿಮೀಟರಿಗೆ ಸುಮಾರು 0.9 ಕಿಲೋ ಒತ್ತಡವನ್ನು ಹಿಡಿದಿಟ್ಟರೆ ಈ ಮಿತಿ 115 ಡಿಗ್ರಿಯನ್ನೂ ದಾಟುತ್ತದೆ. ಸೋರಿಕೆಯಿಂದ ಒತ್ತಡ ನಿಲ್ಲದಾದಾಗ ಕಳೆದುಹೋಗುವುದು ಈ ರಕ್ಷಣೆಯೇ. ಊರೊಳಗೆ ಅದು ತಿಳಿಯದಿರಬಹುದು. ಸರಕು ಹೇರಿಕೊಂಡು ಶಿರಾಡಿ ಘಾಟಿ ಏರುವಾಗ ತಿಳಿಯುತ್ತದೆ. ಮೇಲಾಗಿ, ಕೊಳವೆಬಾವಿಯ ಗಡಸು ನೀರನ್ನು ಸುರಿದಷ್ಟೂ ಕೂಲೆಂಟಿನಲ್ಲಿರುವ ತುಕ್ಕುನಿರೋಧಕ ತೆಳುವಾಗಿ, ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಇಂದಿನ ಸೋರಿಕೆಗೆ ಹಾಕುವ ನೀರೇ ನಾಳಿನ ಸೋರಿಕೆಗೆ ದಾರಿ ಮಾಡುತ್ತದೆ.

ರಸ್ತೆ ಬದಿಯ ಪರಿಹಾರಗಳಿಗೇನೂ ಕೊರತೆಯಿಲ್ಲ. ರೇಡಿಯೇಟರಿಗೆ ಅರಿಸಿನ ಪುಡಿ ಹಾಕುವ ಪದ್ಧತಿ ಚಾಲಕರಲ್ಲಿ ಹಳೆಯದು. ನಡುದಾರಿಯಲ್ಲಿ ನಿಂತ ವಾಹನವನ್ನು ಅದು ಮನೆ ಮುಟ್ಟಿಸಿದ್ದೂ ಉಂಟು, ಅಲ್ಲಗಳೆಯುವಂತಿಲ್ಲ. ಆದರೆ ಅರಿಸಿನವಾಗಲಿ, ಅಂಗಡಿಯಲ್ಲಿ ದೊರೆಯುವ ಸೋರಿಕೆ ನಿಲ್ಲಿಸುವ ದ್ರಾವಣವಾಗಲಿ, ತೂತು ಯಾವುದು, ರೇಡಿಯೇಟರಿನ ಸಣ್ಣ ನಾಳ ಯಾವುದು ಎಂಬ ಭೇದ ಅರಿಯದು. ಇನ್ನು ಎಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವುದಂತೂ ಶುದ್ಧ ತಪ್ಪು. ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಇಂಧನ ಹೆಚ್ಚು ಸುಡುತ್ತದೆ, ಸವೆತ ಹೆಚ್ಚುತ್ತದೆ, ಸೋರಿಕೆ ಮಾತ್ರ ಇದ್ದಲ್ಲೇ ಇರುತ್ತದೆ.

ಸರಿಯಾದ ಕ್ರಮ ಸರಳವಾದುದು. ಎಂಜಿನ್ ಪೂರ್ಣ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆಯಬೇಕು. ಬಿಸಿಯಿರುವಾಗ ತೆಗೆದು ಮುಖ, ಕೈ ಸುಟ್ಟುಕೊಂಡವರು ಅನೇಕರು. ದ್ರವವನ್ನು ತುಂಬಿ, ಅಳತೆ ಮುಳ್ಳಿರುವ ಕೈಪಂಪಿನಿಂದ ಮುಚ್ಚಳದ ಮೇಲೆ ನಮೂದಿಸಿರುವಷ್ಟೇ ಒತ್ತಡ ಕೊಟ್ಟು, ಕಾಲು ಗಂಟೆ ಕಾಯಬೇಕು. ಮುಳ್ಳು ಇಳಿದರೆ ಸೋರಿಕೆ ಇರುವುದು ಖಚಿತ. ಆಗ ಹೋಸ್ ಪೈಪುಗಳ ತುದಿ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಎಂಜಿನ್ ಬ್ಲಾಕಿನ ಲೋಹದ ಬಿರಡೆಗಳು, ರೇಡಿಯೇಟರಿನ ಬೆಸುಗೆ, ಇವುಗಳನ್ನು ದೀಪ ಹಿಡಿದು ನೋಡಬೇಕು. ಒಣಗಿದ ಬಿಳಿ ಅಥವಾ ಹಸಿರು ಕಲೆ ದಾರಿ ತೋರಿಸುತ್ತದೆ. ಹೀಟರ್ ಇರುವ ಕಾರಿನೊಳಗೆ ಸಿಹಿ ವಾಸನೆಯಿದ್ದು ಕಾಲಡಿಯ ಹಾಸು ಒದ್ದೆಯಾಗಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಬಹುದು. ಮುಚ್ಚಳವನ್ನೂ ಇದೇ ಪಂಪಿನಿಂದ ಪರೀಕ್ಷಿಸತಕ್ಕದ್ದು. ಎಲ್ಲಕ್ಕಿಂತ ಅಗ್ಗದ ಆ ಬಿಡಿಭಾಗವೇ ಎಷ್ಟೋ ಬಾರಿ ಅಪರಾಧಿಯಾಗಿರುತ್ತದೆ.

ಮುಳ್ಳು ಇಳಿಯುತ್ತಿದ್ದರೂ ಹೊರಗೆ ಒಂದು ಹನಿಯೂ ಕಾಣದಿದ್ದರೆ ಸಂಶಯ ಹೆಡ್ ಗ್ಯಾಸ್ಕೆಟ್ಟಿನ ಮೇಲೆ. ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆ, ನಿಲ್ಲದ ಬಿಳಿ ಹೊಗೆ, ಹಾಲು ಬೆರೆತ ಚಹಾದಂತೆ ಕಾಣುವ ಎಂಜಿನ್ ಆಯಿಲ್, ಇವು ಅದರ ಲಕ್ಷಣಗಳು. ಅಂತಹ ವಾಹನವನ್ನು ‘ಇದೊಂದು ಡೆಲಿವರಿ ಮುಗಿಯಲಿ’ ಎಂದು ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬಾಗಿ, ಖರ್ಚು ಬಹಳಷ್ಟು ಏರುತ್ತದೆ. ಬಾಗಿದ ಹೆಡ್ಡಿನ ತಳವನ್ನು ಅಳೆದು, ಅಗತ್ಯವಿದ್ದಲ್ಲಿ ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಕೂರಿಸುವುದು ಹಣವನ್ನು ಎರಡು ಬಾರಿ ತೆರುವ ಏರ್ಪಾಡು.

ಹಾಗಿದ್ದರೂ ಈ ಪರೀಕ್ಷೆ ಏಕೆ ಅಪರೂಪ? ದೋಷವನ್ನೆಲ್ಲ ಮೆಕ್ಯಾನಿಕ್ಕಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಹೊಸ ವಾಟರ್ ಪಂಪಿನ ಬಿಲ್ಲನ್ನು ಗೊಣಗದೆ ಕೊಡುವ ಮಾಲೀಕರು, ಅರ್ಧ ಗಂಟೆ ಹುಡುಕಿ ಕ್ಲಿಪ್ಪೊಂದನ್ನು ಬಿಗಿ ಮಾಡಿದವನಿಗೆ ಕೂಲಿ ಕೊಡಲು ಹಿಂಜರಿಯುತ್ತಾರೆ. ಹುಡುಕುವ ಕೆಲಸಕ್ಕೆ ಬೆಲೆಯಿಲ್ಲದ ಮೇಲೆ ಗ್ಯಾರೇಜಿನವರು ಊಹೆಯಿಂದ ಒಂದಾದ ಮೇಲೊಂದು ಭಾಗ ಬದಲಾಯಿಸುವುದು ಸಹಜ. ತಮ್ಮ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರಿಗೆ ಸಂಬಳ ಕೊಡುವ ಉದ್ದಿಮೆದಾರರಿಗೆ ಇದು ಅರ್ಥವಾಗದ ವಿಷಯವೇನಲ್ಲ. ಒತ್ತಡ ಪರೀಕ್ಷೆಯನ್ನು ಮಾಲೀಕರು ಕೇಳಿ ಮಾಡಿಸಲಿ. ಅದರ ಕೂಲಿಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿ ಕೊಡಲಿ. ದುರಸ್ತಿಯಾದ ಮೇಲೆ ಅದೇ ಪರೀಕ್ಷೆ ಇನ್ನೊಮ್ಮೆ ಆಗಬೇಕು, ಒಳಗೆ ಸಿಕ್ಕಿಕೊಂಡ ಗಾಳಿಯನ್ನೂ ಹೊರಬಿಡಿಸಬೇಕು. ಒಂದು ವಾರ ಬೆಳಗಿನ ಹೊತ್ತು ಚಾಲಕನು ರಿಸರ್ವ್ ಟ್ಯಾಂಕಿನ ಮಟ್ಟವನ್ನು ಬರೆದಿಟ್ಟರೆ ಕೆಲಸ ಸರಿಯಾಗಿದೆಯೇ ಎಂಬುದು ತಿಳಿಯುತ್ತದೆ. ಹೊರತೆಗೆದ ಹಳೆಯ ಕೂಲೆಂಟನ್ನು ಮಾತ್ರ ಅಂಗಳದಲ್ಲಿ ಚೆಲ್ಲಬಾರದು. ಅದರ ರುಚಿ ಸಿಹಿ, ಆದರೆ ವಿಷ. ಬೀದಿಯ ದನ, ನಾಯಿಗಳು ನೆಕ್ಕಿದರೆ ಬದುಕುವುದು ಕಷ್ಟ.