ಪರಿಮಳದ ಪೊಟ್ಟಣದೊಳಗೇನಿದೆ, ಹೇಳಿ

ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿ. ಮೈದಾ, ಸಕ್ಕರೆ, ತಾಳೆ ಎಣ್ಣೆಯಿಂದ ಹಿಡಿದು ಹಾಕಿದ ಬಣ್ಣದ ಸಂಖ್ಯೆಯವರೆಗೆ ಎಲ್ಲವೂ ಅಚ್ಚಾಗಿರುತ್ತದೆ. ಅದೇ ಅಂಗಡಿಯಲ್ಲಿ ನೂರಾರು ರೂಪಾಯಿ ಕೊಟ್ಟು ತಂದ ರೂಮ್ ಫ್ರೆಶ್‌ನರ್, ಕಾರಿನೊಳಗೆ ಅಂಟಿಸುವ ಪರ್ಫ್ಯೂಮ್, ನೆಲ ಒರೆಸುವ ದ್ರಾವಣ, ಊದುಬತ್ತಿ ಇವುಗಳ ಮೇಲೆ ಸಾಮಾನ್ಯವಾಗಿ ಇರುವುದು ‘ಪರ್ಫ್ಯೂಮ್’ ಎಂಬ ಒಂದು ಮಾತು, ಪಕ್ಕದಲ್ಲೊಂದು ಹೂವಿನ ಚಿತ್ರ. ಬಿಸ್ಕತ್ತು ಬೇಡವೆಂದರೆ ತಿನ್ನದೆ ಇರಬಹುದು. ಮನೆಯ ಗಾಳಿಯನ್ನು ಉಸಿರಾಡದೆ ಇರಲಾಗದು. ತೊಟ್ಟಿಲ ಮಗುವಿಗೂ ಆಸ್ತಮಾ ಇರುವ ಅಜ್ಜನಿಗೂ ಅಲ್ಲಿ ಆಯ್ಕೆಯೇ ಇಲ್ಲ. ಹಾಗಾಗಿ ನನ್ನ ಒತ್ತಾಯ ಇದು: ಮನೆಯ ಗಾಳಿಗೆ ಸೇರುವ ಯಾವ ಪರಿಮಳವೇ ಆಗಲಿ, ಅದರಲ್ಲಿ ಏನೇನಿದೆ ಎಂದು ತಿಳಿಸುವುದು ಕಡ್ಡಾಯವಾಗಬೇಕು. ‘ನೈಸರ್ಗಿಕ’ ಎಂದು ಬರೆದುಕೊಂಡವರಿಗೂ ವಿನಾಯಿತಿ ಇರಕೂಡದು.

ಇದು ಸುಮ್ಮನೆ ಹುಟ್ಟಿದ ಅನುಮಾನವಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆ್ಯನ್ ಸ್ಟೈನ್‌ಮನ್ ಮತ್ತು ಸಂಗಡಿಗರು ದಿನಬಳಕೆಯ 25 ಸುವಾಸನೆಯ ವಸ್ತುಗಳನ್ನು ಪರೀಕ್ಷೆ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಿಂದ ಗಾಳಿಗೆ ಬಿಡುಗಡೆಯಾದದ್ದು 133 ಬಗೆಯ ರಾಸಾಯನಿಕಗಳು. ಅವುಗಳಲ್ಲಿ 24 ಅಲ್ಲಿನ ಕಾನೂನಿನ ಪ್ರಕಾರವೇ ವಿಷಕಾರಿ ಅಥವಾ ಅಪಾಯಕಾರಿ. ಅಂಥದ್ದು ಒಂದೂ ಇಲ್ಲದ ವಸ್ತು ಆ 25ರಲ್ಲಿ ಒಂದೂ ಇರಲಿಲ್ಲ. ಆ 133ರಲ್ಲಿ ಲೇಬಲ್‌ಗಳ ಮೇಲೆ ಕಾಣಿಸಿಕೊಂಡಿದ್ದು ಒಂದೇ ಒಂದು. ‘ಹಸಿರು’, ‘ಸಾವಯವ’ ಎಂದು ಹೇಳಿಕೊಂಡವು ಉಳಿದವಕ್ಕಿಂತ ಉತ್ತಮವಾಗಿಯೂ ಇರಲಿಲ್ಲ. ಬಚ್ಚಿಟ್ಟದ್ದರಲ್ಲಿ ಅಪಾಯ ಇರಬಹುದು ಎಂಬುದಕ್ಕೆ ಲಿಲಿಯಲ್ ಒಂದು ಸಾಕ್ಷಿ. ಹೂವಿನ ಪರಿಮಳಕ್ಕಾಗಿ ದಶಕಗಳ ಕಾಲ ಬಳಸಿದ ಈ ರಾಸಾಯನಿಕ ಸಂತಾನಶಕ್ತಿಗೆ ಹಾನಿಕರವೆಂದು 2022ರ ಮಾರ್ಚ್‌ನಿಂದ ಯುರೋಪಿನ ಸೌಂದರ್ಯವರ್ಧಕಗಳಲ್ಲಿ ನಿಷಿದ್ಧವಾಯಿತು.

ಊದುಬತ್ತಿಯ ಮಾತು ಎತ್ತದೆ ಕನ್ನಡದಲ್ಲಿ ಈ ಚರ್ಚೆ ಮುಗಿಯದು. ಬೆಂಗಳೂರು, ಮೈಸೂರು ಈ ಉದ್ಯಮದ ತವರು. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಹಿಂದೆ ಮಸಾಲೆ ಬತ್ತಿಯಲ್ಲಿ ಪಶ್ಚಿಮ ಘಟ್ಟದ ಹಾಲ್ಮಡ್ಡಿ, ಗಂಧದ ಪುಡಿ, ಜೇನು, ಬೇರು ನಾರು ಇರುತ್ತಿದ್ದವು. ಇಂದು ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಇದ್ದಿಲ ಪುಡಿ, ಮರದ ಹೊಟ್ಟು, ಜಿಗಟು ಪುಡಿ ಕಲಸಿ ಮಾಡಿದ ಕಡ್ಡಿಗಳು. ಅವನ್ನು ಕೃತಕ ಪರಿಮಳದಲ್ಲಿ ಅದ್ದಿ ತೆಗೆಯುತ್ತಾರೆ. ಆ ಪರಿಮಳವನ್ನು ತೆಳುವಾಗಿಸಲು ಡೈಈಥೈಲ್ ಥ್ಯಾಲೇಟ್ ಎಂಬ ದ್ರಾವಕದ ಬಳಕೆ ಈ ಕಸುಬಿನಲ್ಲಿ ಸಾಮಾನ್ಯ. ಇನ್ನು ಹೊಗೆ. ಒಂದು ಗ್ರಾಂ ಸಿಗರೇಟು ಉರಿದರೆ ಸುಮಾರು 10 ಮಿಲಿಗ್ರಾಂ ಕಣಗಳು ಹೊರಬೀಳುತ್ತವೆ, ಒಂದು ಗ್ರಾಂ ಧೂಪದ ಕಡ್ಡಿ ಉರಿದರೆ 45 ಮಿಲಿಗ್ರಾಂಗೂ ಹೆಚ್ಚು ಎನ್ನುತ್ತದೆ ಈ ವಿಷಯದ ವೈದ್ಯಕೀಯ ಸಾಹಿತ್ಯ. ಸಿಂಗಪುರದಲ್ಲಿ ಚೀನೀ ಮೂಲದ 61,320 ಜನರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು, ದೀರ್ಘಕಾಲ ಮನೆಯಲ್ಲಿ ಧೂಪ ಉರಿಸಿದವರಲ್ಲಿ ಉಸಿರಾಟದ ಹಾದಿಯ ಮೇಲ್ಭಾಗದ ಕೆಲವು ಕ್ಯಾನ್ಸರ್‌ಗಳು ಮತ್ತು ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಕಂಡಿತು. ದೇವರ ಮುಂದೆ ಒಂದು ಕಡ್ಡಿ ಹಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಬಂದೀತೆಂದು ಯಾರೂ ಹೇಳುತ್ತಿಲ್ಲ. ಬಾಗಿಲು ಮುಚ್ಚಿದ ಫ್ಲಾಟಿನಲ್ಲಿ ಬೆಳಗ್ಗೆ, ಸಂಜೆ, ವರ್ಷವಿಡೀ ಉರಿಸುವುದು ಬೇರೆ ಮಾತು.

‘ಅಜ್ಜಿಯ ಕಾಲದಿಂದ ಹಚ್ಚುತ್ತಿದ್ದೇವೆ, ಯಾರಿಗೆ ಏನಾಗಿದೆ?’ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಅಜ್ಜಿಯ ಮನೆಗೆ ತೊಟ್ಟಿ ಇತ್ತು, ಗವಾಕ್ಷಿ ಇತ್ತು, ಹೆಂಚಿನ ಸಂದಿಯಲ್ಲಿ ಹೊಗೆ ಹೊರಗೆ ಹೋಗುತ್ತಿತ್ತು. ಅಜ್ಜಿಯ ಕಡ್ಡಿಯೂ ಬೇರೆ. ಅಲ್ಲದೆ ಆ ಕಾಲದ ಕೆಮ್ಮು, ಉಬ್ಬಸಗಳ ಲೆಕ್ಕವನ್ನು ಬರೆದಿಟ್ಟವರು ಯಾರು? ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ನಿಯಮ ಬಿಗಿಯಾದರೆ ಕಡ್ಡಿ ಹೊಸೆದು ಬದುಕುವ ಸಾವಿರಾರು ಹೆಂಗಸರ ಗತಿಯೇನು? ಈ ಕಾಳಜಿ ನನಗೂ ಇದೆ. ಆದರೆ ದಿನವಿಡೀ ಇದ್ದಿಲ ಪುಡಿಯ ನಡುವೆ ಕೂತು, ಅದನ್ನು ಎಲ್ಲರಿಗಿಂತ ಮೊದಲು ಉಸಿರಾಡುವವರು ಅವರೇ. ಕಚ್ಚಾ ವಸ್ತು ಶುದ್ಧವಾದರೆ ಮೊದಲ ಲಾಭ ಅವರಿಗೆ. ಪರಿಮಳ ಕಲಸುವ ಕಂಪನಿಯ ಹೊಣೆಯನ್ನು ಹೊಸೆಯುವ ಕೈಗಳ ಮರೆಯಲ್ಲಿ ಅಡಗಿಸಿಡುವುದು ಅನ್ಯಾಯ.

ನನಗೆ ಅತಿ ಹೆಚ್ಚು ನೋವಾಗುವುದು ಬಾಣಂತಿ ಕೋಣೆಯ ವಿಷಯದಲ್ಲಿ. ಮಗುವಿಗೆ ಎರೆದು, ಕೂದಲು ಒಣಗಲೆಂದು, ದೃಷ್ಟಿ ತಾಗದಿರಲೆಂದು ಸಾಂಬ್ರಾಣಿ ಹೊಗೆ ಹಾಕುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಕಿಟಕಿಗೆ ಪರದೆ, ಕೆಂಡದ ಮೇಲೆ ಪುಡಿ, ಹೊಗೆಯ ಮೇಲೆ ಕೆಲವೇ ದಿನಗಳ ಕೂಸು. ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಮಕ್ಕಳ ವೈದ್ಯರು ಬೇಡವೆನ್ನುತ್ತಾರೆ. ಮನೆಯ ಹಿರಿಯರು ‘ನಿನ್ನನ್ನೂ ಹೀಗೇ ಸಾಕಿದ್ದು’ ಎನ್ನುತ್ತಾರೆ. ಮೆತ್ತನೆಯ ಬಟ್ಟೆಯಲ್ಲಿ ತಲೆ ಒರೆಸಿದರೆ ಸಾಕು, ಕೂದಲು ಒಣಗುತ್ತದೆ.

ಆ ಕೂಸಿಗೆ ತೊಡಿಸುವ ಬಟ್ಟೆ ಎಲ್ಲಿಂದ ಬಂತು? ಅಣ್ಣನದೋ ಅಕ್ಕನದೋ ಹಳೆಯ ಅಂಗಿ, ನುಸಿಗುಳಿಗೆ ಹಾಕಿಟ್ಟ ಟ್ರಂಕಿನಿಂದ. ಆ ಬಿಳಿ ಗುಳಿಗೆಯ ನ್ಯಾಫ್ತಲೀನ್ ಬಟ್ಟೆಗೆ ಸೇರಿ, ಚರ್ಮ ಮತ್ತು ಉಸಿರಿನ ಮೂಲಕ ಮೈಗೆ ಇಳಿಯುತ್ತದೆ. ಜಿ6ಪಿಡಿ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ ಏರುತ್ತದೆ. ಹೆಚ್ಚಿನ ತಂದೆತಾಯಿಯರಿಗೆ ಮಗುವಿಗೆ ಈ ಕೊರತೆ ಇದೆಯೆಂದು ತಿಳಿದೇ ಇರುವುದಿಲ್ಲ. ಯುರೋಪಿನಲ್ಲಿ ನ್ಯಾಫ್ತಲೀನ್ ನುಸಿಗುಳಿಗೆಗಳ ಮಾರಾಟ 2008ರಲ್ಲೇ ನಿಂತಿತು. ನಮ್ಮಲ್ಲಿ ಅದು ಕಿರಾಣಿ ಅಂಗಡಿಯಲ್ಲಿ ತೂಗಾಡುತ್ತದೆ.

‘ಹಾಗಾದರೆ ನೈಸರ್ಗಿಕವಾದದ್ದನ್ನೇ ಕೊಳ್ಳೋಣ’ ಎಂದು ಹೊರಡುವವರಿಗೆ ಒಂದು ಘಟನೆ ಹೇಳಬೇಕು. 2021ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ, ಹೊರದೇಶಕ್ಕೆ ಹೋಗದ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಎಂಬ ಸೋಂಕು ತಗುಲಿತು, ಇಬ್ಬರು ಸತ್ತರು. ನಮ್ಮ ಕರಾವಳಿಯ ವೈದ್ಯರಿಗೆ ಚೆನ್ನಾಗಿ ಪರಿಚಯವಿರುವ ಈ ಕಾಯಿಲೆ ಮಣ್ಣು, ನೀರಿನ ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಅಲ್ಲಿಗೆ ಹೇಗೆ ಬಂತು ಎಂದು ಹುಡುಕಿದಾಗ ಸಿಕ್ಕಿದ್ದು ಲ್ಯಾವೆಂಡರ್ ಸಾರತೈಲದ ಕೋಣೆ ಸ್ಪ್ರೇ. ತಯಾರಾದದ್ದು ಭಾರತದಲ್ಲಿ, ಮಾರಿದ್ದು ವಾಲ್‌ಮಾರ್ಟ್. ಸುಮಾರು 3,900 ಬಾಟಲಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು.

ಕರ್ಪೂರ, ನೀಲಗಿರಿ ಎಣ್ಣೆಗಳೂ ಹಾಗೆಯೇ. ನೀಲಗಿರಿ ಎಲೆಯಿಂದಲೇ ಇಳಿಸಿದ ಎಣ್ಣೆಯಾದರೂ ಅದು ಮಿದುಳನ್ನು ಕೆರಳಿಸಬಲ್ಲದು. ಪೂಜೆಗಿಟ್ಟ ಕರ್ಪೂರದ ಬಿಲ್ಲೆ ನುಂಗಿ ಫಿಟ್ಸ್ ಬಂದು ಆಸ್ಪತ್ರೆ ಸೇರುವ ಮಕ್ಕಳಿದ್ದಾರೆ. ಈ ಎರಡೂ ಇರುವ ಮುಲಾಮು, ಎಣ್ಣೆಗಳಿಗೂ ದೊಡ್ಡವರ ಫಿಟ್ಸ್‌ಗೂ ಇರುವ ಸಂಬಂಧವನ್ನು ಬೆಂಗಳೂರಿನ ನರರೋಗ ತಜ್ಞರೇ ಅಧ್ಯಯನ ಮಾಡಿ ತೋರಿಸಿದ್ದಾರೆ. ನಿಂಬೆ, ಕಿತ್ತಳೆಯ ಪರಿಮಳ ಕೊಡುವ ಲಿಮೊನೀನ್ ಗಾಳಿಯ ಓಝೋನ್ ಜತೆ ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಲಿಮೊನೀನ್ ಹಣ್ಣಿನ ಸಿಪ್ಪೆಯಿಂದ ಬಂದಿರಲಿ, ಕಾರ್ಖಾನೆಯಿಂದ ಬಂದಿರಲಿ, ಆಗುವುದು ಒಂದೇ. ಬೇವಿನ ಸೊಪ್ಪಿನ ಹೊಗೆಯೂ ಹೊಗೆಯೇ.

ಹಾಗಿದ್ದರೆ ಮಾಡುವುದೇನು? ದುರ್ವಾಸನೆಗೆ ಮೂಲ ಇರುತ್ತದೆ, ಅದನ್ನು ತೆಗೆಯಬೇಕು. ಬಚ್ಚಲಿನ ಜಾಲರಿ ತಿಕ್ಕುವುದು, ಹಸಿ ಕಸವನ್ನು ರಾತ್ರಿ ಒಳಗೆ ಇಡದಿರುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು, ಎದುರುಬದುರು ಕಿಟಕಿಗಳನ್ನು ತೆರೆಯುವುದು. ಫ್ರಿಜ್ಜಿನಲ್ಲಿ ಒಂದು ಬಟ್ಟಲು ಅಡುಗೆ ಸೋಡಾ. ರೇಷ್ಮೆ ಸೀರೆಗಳ ನಡುವೆ ಲಾವಂಚದ ಬೇರು, ಬಜೆ, ನೆರಳಲ್ಲಿ ಒಣಗಿಸಿದ ಬೇವಿನೆಲೆ. ಪರಿಮಳವೇ ಬೇಕೆಂದರೆ ದೇವರ ಮುಂದೆ ಮಲ್ಲಿಗೆ, ಸಂಪಿಗೆ, ಮರುಗ, ಪಚ್ಚೆತೆನೆ. ಉರಿಸದೆಯೂ ಹರಡುವ ಪರಿಮಳಗಳಿವು. ಕಡ್ಡಿ ಹಚ್ಚಲೇಬೇಕಾದರೆ ಒಂದು ಸಾಕು, ಕಿಟಕಿ ತೆರೆದಿರಲಿ, ಮಕ್ಕಳು ಆ ಕೋಣೆಯಲ್ಲಿ ಇರದಿರಲಿ. ಸೊಳ್ಳೆ ಓಡಿಸುವ ಊದುಬತ್ತಿಯನ್ನಂತೂ ಸರ್ಕಾರಿ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಮುಟ್ಟಬೇಡಿ. ಅದರಲ್ಲಿರುವುದು ಕೀಟನಾಶಕ, 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಿಲ್ಲದೆ ಮಾರುವುದು ಅಪರಾಧ.

ಮನೆಯವರು ಮಾಡಬಹುದಾದ್ದು ಇಷ್ಟು. ಉಳಿದದ್ದು ಸರ್ಕಾರದ ಕೆಲಸ. 2025ರ ಡಿಸೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೊ ಊದುಬತ್ತಿಗೆಂದೇ ಐಎಸ್ 19412 ಎಂಬ ಮಾನದಂಡ ತಂದಿತು. ಸೈಪರ್‌ಮೆಥ್ರಿನ್, ಫಿಪ್ರೊನಿಲ್‌ನಂಥ ಕೀಟನಾಶಕಗಳನ್ನೂ ಬೆಂಜೈಲ್ ಸಯನೈಡ್‌ನಂಥ ಕೆಲವು ಪರಿಮಳ ರಾಸಾಯನಿಕಗಳನ್ನೂ ಅದು ನಿಷೇಧಿಸಿದೆ. ಅದನ್ನು ಬಿಡುಗಡೆ ಮಾಡಿದವರು ನಮ್ಮ ಧಾರವಾಡದ ಸಂಸದ, ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ. ಒಳ್ಳೆಯ ಹೆಜ್ಜೆಯೇ. ಆದರೆ ಇದು ಬಯಸಿದ ತಯಾರಕರು ಪಾಲಿಸುವ ಮಾನದಂಡ. ಬಯಸದವರು ಗುರುತಿಲ್ಲದೆ ಮಾರಬಹುದು. ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಇದೇ ಬ್ಯೂರೊದ ಗುರುತನ್ನು ಕಡ್ಡಾಯ ಮಾಡಿದ ಸರ್ಕಾರಕ್ಕೆ ಅದೇ ಮಗು ಉಸಿರಾಡುವ ಹೊಗೆಯ ವಿಷಯದಲ್ಲಿ ಏಕೆ ಹಿಂಜರಿಕೆ? ಕ್ಯಾಲಿಫೋರ್ನಿಯಾ 2017ರಲ್ಲೇ ಸ್ವಚ್ಛತಾ ವಸ್ತುಗಳ ಒಳವಸ್ತುಗಳನ್ನು ಬಹಿರಂಗಪಡಿಸುವ ಕಾನೂನು ಮಾಡಿತು. ಸಚಿವರು ಊದುಬತ್ತಿಯ ಮಾನದಂಡವನ್ನು ಕಡ್ಡಾಯಗೊಳಿಸಲಿ. ರೂಮ್ ಫ್ರೆಶ್‌ನರ್, ನೆಲದ ದ್ರಾವಣ, ಸಾರತೈಲಗಳನ್ನೂ ಅದೇ ಬಗೆಯ ನಿಯಮಕ್ಕೆ ತರಲಿ. ಪೊಟ್ಟಣದ ಮೇಲೆ ಪೂರ್ತಿ ಪಟ್ಟಿ ಕನ್ನಡದಲ್ಲೂ ಬರಲಿ.