ಸಂಶೋಧನಾ ವಿದ್ಯಾರ್ಥಿಗಳ ಪರವಾಗಿ ನಾವು ಕೇಳೋಣ



ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಮಾಡುತ್ತಿರುವವರ ಪರವಾಗಿ ನಿಮ್ಮಲ್ಲಿ ಈ ಮನವಿ. ಓದು ಬರಹ ಬಲ್ಲವರು, ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಅಷ್ಟು ಸುಲಭವಾಗಿದ್ದರೆ ಎಂದೋ ಹೇಳಿಕೊಂಡಿರುತ್ತಿದ್ದರು. ನೋಂದಣಿಯಾದ ದಿನದಿಂದ ಮಹಾಪ್ರಬಂಧ ಒಪ್ಪಿಸುವ ದಿನದವರೆಗೆ ಅವರ ಪ್ರತಿಯೊಂದು ಕಾಗದದ ಮೇಲೂ ಇನ್ನೊಬ್ಬರ ಸಹಿ ಬೀಳಬೇಕು. ಹಾಜರಾತಿಗೆ ಗೈಡ್ ಸಹಿ, ಪ್ರಗತಿ ವರದಿಗೂ ಅವರದೇ ಸಹಿ. ಫೆಲೋಶಿಪ್ ಅರ್ಜಿಗೆ ವಿಭಾಗದ ಮುಖ್ಯಸ್ಥರದು, ಹಾಸ್ಟೆಲ್ ಕೊಠಡಿ ಉಳಿಸಿಕೊಳ್ಳಲು ವಾರ್ಡನ್‌ದು. ಕ್ಷೇತ್ರಕಾರ್ಯಕ್ಕೆ ಹೊರಡಬೇಕೆಂದರೆ ಮತ್ತೆ ಗೈಡ್ ಮುಂದೆ ನಿಲ್ಲಬೇಕು. ಇವರಲ್ಲಿ ಯಾರೊಬ್ಬರು ಮುನಿಸಿಕೊಂಡರೂ ನಾಲ್ಕೈದು ವರ್ಷದ ದುಡಿಮೆ ಅಲ್ಲಿಗೇ ನಿಲ್ಲುತ್ತದೆ. ಆ ಭಯ ನಮಗಿಲ್ಲ. ನಮ್ಮ ಯಾವ ಕಾಗದವೂ ಅವರ ಮೇಜಿನ ಮೇಲಿಲ್ಲ. ಆದ್ದರಿಂದಲೇ ಮಾತಾಡುವ ಹೊಣೆ ನಮ್ಮದು.

ಮೊದಲು ದುಡ್ಡಿನ ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನೆಟ್ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಪಡೆದವರಿಗೆ ಈಗ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ ಸಿಗುತ್ತದೆ. 2014ರಲ್ಲಿ ಇದು 25,000ಕ್ಕೆ ಏರಿತು, 2019ರಲ್ಲಿ 31,000ಕ್ಕೆ, 2023ರಲ್ಲಿ ಇಂದಿನ ಮಟ್ಟಕ್ಕೆ. ಯಾವ ಏರಿಕೆಯೂ ತಾನಾಗಿ ಬಂದದ್ದಲ್ಲ. 2019ರ ಏರಿಕೆಗೆ ಮುನ್ನ ಬೆಂಗಳೂರೂ ಸೇರಿ ದೇಶದ ಹಲವು ನಗರಗಳಲ್ಲಿ ಸಂಶೋಧಕರು ಪ್ರಯೋಗಾಲಯ ಬಿಟ್ಟು ಬೀದಿಗಿಳಿಯಬೇಕಾಯಿತು.

ಆದರೆ ಜೆಆರ್‌ಎಫ್ ಸಿಗುವುದು ಕೆಲವರಿಗೆ ಮಾತ್ರ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಅದು ಸಿಗದವರಿಗೆ ತಿಂಗಳಿಗೆ 8,000 ರೂಪಾಯಿಯ ನಾನ್-ನೆಟ್ ಫೆಲೋಶಿಪ್ ಇದೆ. 2015ರ ಅಕ್ಟೋಬರ್‌ನಲ್ಲಿ ಯುಜಿಸಿ ಅದನ್ನೂ ನಿಲ್ಲಿಸಲು ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಯುಜಿಸಿ ಕಚೇರಿಯ ಮುಂದೆ ಹಗಲು ರಾತ್ರಿ ಕುಳಿತು ಅದನ್ನು ಉಳಿಸಿಕೊಂಡರು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಆ 8,000 ಕೂಡ ಅನ್ವಯಿಸುವುದಿಲ್ಲ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳು ಅರ್ಜಿ ಕರೆಯುತ್ತವೆ. ಒಂದೊಂದರದು ಒಂದೊಂದು ನಿಯಮ, ಒಂದೊಂದು ಮೊತ್ತ. ಪಟ್ಟಿಯಲ್ಲಿ ಹೆಸರು ಬಂದರೆ ಬದುಕು, ಬಾರದಿದ್ದರೆ ಟ್ಯೂಷನ್, ಮೌಲ್ಯಮಾಪನ, ಮನೆಯಿಂದ ಬರುವ ಚೂರುಪಾರು ಹಣ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್‌ಗೆ ಹೊಸ ಆಯ್ಕೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಮೊದಲೇ ಆಯ್ಕೆಯಾಗಿದ್ದವರು ಕೂಡ 2025ರಲ್ಲಿ ತಿಂಗಳುಗಟ್ಟಲೆ ಹಣಕ್ಕೆ ಕಾದರು.

ಮಂಜೂರಾದ ಹಣ ಕೈಸೇರುವ ಬಗೆಯನ್ನು ನೀವು ಒಮ್ಮೆ ಹತ್ತಿರದಿಂದ ನೋಡಬೇಕು. ಯುಜಿಸಿ ಫೆಲೋಶಿಪ್ ವಿದ್ಯಾರ್ಥಿಯ ಖಾತೆಗೆ ಬರುವ ಮುನ್ನ ವಿಶ್ವವಿದ್ಯಾಲಯ ಬ್ಯಾಂಕಿನ ಪೋರ್ಟಲ್‌ನಲ್ಲಿ ಪ್ರತಿ ತಿಂಗಳೂ ದೃಢೀಕರಣ ಕೊಡಬೇಕು. ಅದಕ್ಕೆ ಇಬ್ಬರು ನೌಕರರು ಬೇಕು. ಒಬ್ಬರು ವಿವರ ತುಂಬುವ ‘ಮೇಕರ್’, ಇನ್ನೊಬ್ಬರು ಒಪ್ಪಿಗೆ ಒತ್ತುವ ‘ಚೆಕರ್’. ಮೇಕರ್ ರಜೆ ಹಾಕಿದರೆ, ಚೆಕರ್‌ಗೆ ವರ್ಗವಾಗಿ ಪಾಸ್‌ವರ್ಡ್ ಹೊಸಬರ ಕೈಗೆ ಬರದಿದ್ದರೆ, ಹಾಜರಾತಿ ಪತ್ರ ಯಾವುದೋ ಸೆಕ್ಷನ್ನಿನ ಟ್ರೇಯಲ್ಲಿ ಉಳಿದರೆ ಆ ತಿಂಗಳ ಹಣ ನಿಂತಿತು. ವಿದ್ಯಾರ್ಥಿ ಆಡಳಿತ ಕಚೇರಿಗೆ ಅಲೆಯುತ್ತಾನೆ. ‘ನಾಳೆ ಬನ್ನಿ, ಸಾಹೇಬರು ಮೀಟಿಂಗಲ್ಲಿದ್ದಾರೆ’ ಎಂಬ ಉತ್ತರ ಕೇಳಿ ಮರಳುತ್ತಾನೆ. ಅತ್ತ ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಮೆಸ್ ಬಿಲ್ ಬಾಕಿದಾರರ ಪಟ್ಟಿ ಅಂಟಿಸಿರುತ್ತಾರೆ, ಹೆಸರು, ಕೊಠಡಿ ಸಂಖ್ಯೆ ಸಮೇತ. ಸರ್ಕಾರದ ಬಾಕಿಯಿಂದಾಗಿ ಅವನು ಬಾಕಿದಾರನಾಗಿದ್ದಾನೆ ಎಂಬುದು ಆ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ.

ಈ ವಿಳಂಬ ಸಣ್ಣ ಸಂಗತಿ ಎಂದು ಯಾರಿಗಾದರೂ ಅನ್ನಿಸಿದರೆ, ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಅವರನ್ನು ನೆನೆಯಬೇಕು. 2016ರ ಜನವರಿ 17ರಂದು ಜೀವ ಕಳೆದುಕೊಳ್ಳುವ ಮುನ್ನ ಬರೆದ ಪತ್ರದಲ್ಲಿ ಅವರು ತಮಗೆ ಬರಬೇಕಾಗಿದ್ದ ಏಳು ತಿಂಗಳ ಫೆಲೋಶಿಪ್, 1,75,000 ರೂಪಾಯಿ, ತಮ್ಮ ಮನೆಯವರಿಗೆ ತಲುಪುವಂತೆ ನೋಡಿಕೊಳ್ಳಿ ಎಂದು ಕೋರಿದ್ದರು. ಆ ಸಾವಿಗೆ ಹಾಸ್ಟೆಲ್ಲಿನಿಂದ ಹೊರಹಾಕಿದ್ದು, ಜಾತಿ, ರಾಜಕೀಯದ ಒತ್ತಡ ಎಲ್ಲದರ ಹಿನ್ನೆಲೆಯಿದೆ. ಆ ಎಲ್ಲದರ ನಡುವೆಯೂ ಬಾಕಿ ಹಣದ ಲೆಕ್ಕವನ್ನು ಅವರು ಮರೆತಿರಲಿಲ್ಲ ಎಂಬುದನ್ನು ನಾವೂ ಮರೆಯಬಾರದು. ಕ್ಯಾಂಪಸ್‌ಗಳಲ್ಲಿ ತಾರತಮ್ಯ ತಡೆಯುವ, ಅವರ ಹೆಸರಿನ ಕಾಯ್ದೆಯೊಂದರ ಕರಡು 2025ರಲ್ಲಿ ನಮ್ಮ ರಾಜ್ಯದಲ್ಲಿ ಚರ್ಚೆಗೆ ಬಂತು. ಕಾಯ್ದೆ ಬರಲಿ. ಅದರ ಜೊತೆಗೆ, ತಿಂಗಳ ಹಣ ತಿಂಗಳಿಗೆ ಸಿಗುವ ಸರಳ ನ್ಯಾಯವೂ ಬರಲಿ.

‘ಓದುವವರಿಗೆ ಸರ್ಕಾರ ಯಾಕೆ ದುಡ್ಡು ಕೊಡಬೇಕು?’ ಎಂದು ಕೇಳುವವರಿದ್ದಾರೆ. ಸಂಶೋಧನಾ ವಿದ್ಯಾರ್ಥಿಗಳು ಬರಿಯ ಓದುವವರಲ್ಲ. ಎಂ.ಎಸ್ಸಿ. ಮಕ್ಕಳ ಪ್ರಾಕ್ಟಿಕಲ್‌ಗೆ ಬೆಳಗ್ಗೆಯೇ ಬಂದು ಉಪಕರಣ ಸಿದ್ಧ ಮಾಡುವವರು ಅವರು. ಕಾಯಂ ಅಧ್ಯಾಪಕರ ಹುದ್ದೆ ಖಾಲಿಯಿರುವ ವಿಭಾಗಗಳಲ್ಲಿ ತರಗತಿ ತೆಗೆದುಕೊಳ್ಳುವವರು, ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವವರು, ವಿಚಾರ ಸಂಕಿರಣಕ್ಕೆ ಬ್ಯಾನರ್ ಕಟ್ಟುವುದರಿಂದ ಹಿಡಿದು ಅತಿಥಿಗಳನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರುವವರೆಗೆ ಓಡಾಡುವವರು ಅವರೇ. ಗುಣಮಟ್ಟ ಪರಿಶೀಲಿಸುವ ನ್ಯಾಕ್ ತಂಡ ಬರುತ್ತದೆಂದರೆ ರಾತ್ರಿ ಹನ್ನೆರಡರವರೆಗೆ ಕೂತು ಫೈಲು ಜೋಡಿಸುತ್ತಾರೆ. ಎಷ್ಟು ಜನ ಪಿಎಚ್.ಡಿ. ಪಡೆದರು, ಎಷ್ಟು ಲೇಖನ ಪ್ರಕಟವಾದವು ಎಂಬ ಲೆಕ್ಕದ ಮೇಲೆ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್‌ನಲ್ಲಿ ಅಂಕ ಸಿಗುತ್ತದೆ. ಅವರ ದುಡಿಮೆಯಿಂದ ಸಂಸ್ಥೆಯ ಹೆಸರು ಬೆಳೆಯುತ್ತದೆ. ಆ ದುಡಿಮೆಗೆ ಬೆಲೆ ಕಟ್ಟುವಾಗ ಮಾತ್ರ ಅವರು ಬರೀ ವಿದ್ಯಾರ್ಥಿಗಳಾಗಿಬಿಡುತ್ತಾರೆ.

ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳು ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆ ಬೋಧನೆ ಅಥವಾ ಸಂಶೋಧನಾ ಸಹಾಯದ ಕೆಲಸ ವಹಿಸಬಹುದು ಎನ್ನುತ್ತವೆ. ಕಲಿಸುವುದನ್ನು ಕಲಿಯಲು ಅದು ಒಳ್ಳೆಯ ದಾರಿಯೇ. ಆದರೆ ಆ ಗಂಟೆಗಳ ಲೆಕ್ಕ ಇಡುವವರು ಯಾರು? ಆರು ಹತ್ತಾದರೆ, ಹತ್ತು ಹದಿನೈದಾದರೆ ಯಾರ ಬಳಿ ಹೇಳಬೇಕು? ಗೈಡ್ ಮನೆಯ ಗ್ಯಾಸ್ ಬುಕ್ ಮಾಡುವುದು, ಅವರ ಮಕ್ಕಳ ಪ್ರಾಜೆಕ್ಟ್ ಬರೆದುಕೊಡುವುದು ಯಾವ ನಿಯಮದಲ್ಲಿದೆ? ಕೊನೆಗೆ ವೈವಾ ದಿನ ಪರೀಕ್ಷಕರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ಇಡೀ ವಿಭಾಗಕ್ಕೆ ಊಟ. ಪರೀಕ್ಷಕರ ಭತ್ಯೆಯನ್ನು ವಿಶ್ವವಿದ್ಯಾಲಯವೇ ಕೊಡುತ್ತದೆ. ಉಳಿದದ್ದೆಲ್ಲ ಸಾಲ ಮಾಡಿ ಓದಿದವರ ಜೇಬಿನಿಂದ ಹೋಗುತ್ತದೆ. ಇದನ್ನು ಗೌರವದ ಸಂಪ್ರದಾಯ ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು. ಶಿಷ್ಯರನ್ನು ಮಕ್ಕಳಂತೆ ನೋಡಿಕೊಳ್ಳುವ, ಸ್ವಂತ ಹಣ ಕೊಟ್ಟು ಕ್ಷೇತ್ರಕಾರ್ಯಕ್ಕೆ ಕಳಿಸುವ ಅಧ್ಯಾಪಕರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಒಬ್ಬ ವಿದ್ಯಾರ್ಥಿಯ ಬದುಕು ಗೈಡ್ ಒಳ್ಳೆಯವರಾಗಿರುವುದರ ಮೇಲೆ ನಿಲ್ಲಬಾರದು, ನಿಯಮದ ಮೇಲೆ ನಿಲ್ಲಬೇಕು.

ಇದರಲ್ಲಿ ನಮಗೇನು ಎಂದು ಯಾರೂ ಕೇಳಬೇಡಿ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ, ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಶಾಸನ ಸಂಪುಟಗಳು, 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬುಡಕಟ್ಟು ಮತ್ತು ಜಾನಪದ ಅಧ್ಯಯನಗಳು ನಮ್ಮ ನಾಡು ತನ್ನನ್ನು ತಾನು ಅರಿಯಲು ಕಟ್ಟಿಕೊಂಡ ಆಸ್ತಿ. ಇಂಥ ಕೆಲಸ ಮುಂದುವರಿಯಬೇಕಾದರೆ ಹಳ್ಳಿಗೆ ಹೋಗಿ ಶಾಸನ ಓದುವವರು, ಕೆರೆಯ ಇತಿಹಾಸ ಕೇಳುವವರು, ಮಣ್ಣಿನ ಮಾದರಿ ತರುವವರು ಬೇಕು. ಫೆಲೋಶಿಪ್ ಇಲ್ಲದಿದ್ದರೆ ಸಂಶೋಧನೆ ಅನುಕೂಲಸ್ಥರ ಮನೆಯ ಮಕ್ಕಳಿಗಷ್ಟೇ ಉಳಿಯುತ್ತದೆ. ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ ಎಂ.ಎ.ಗೇ ನಿಲ್ಲುತ್ತಾಳೆ. ಅವಳು ಕೇಳಬಹುದಾಗಿದ್ದ ಪ್ರಶ್ನೆಗಳನ್ನು ಬೇರೆ ಯಾರೂ ಕೇಳುವುದಿಲ್ಲ.

ಹಣದಷ್ಟೇ ಮುಖ್ಯವಾದದ್ದು ದನಿ. ನಮ್ಮ ರಾಜ್ಯದ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು 1989ರ ಆಸುಪಾಸಿನಲ್ಲಿ ನಿಂತವು. ಹೊಡೆದಾಟ, ಪಕ್ಷಗಳ ಕೈವಾಡ ಅದಕ್ಕೆ ಕಾರಣವಾದವು. ಆ ಕಾರಣಗಳು ಸುಳ್ಳಲ್ಲ. ಆದರೆ ಹೊಡೆದಾಟ ತಪ್ಪಿಸಲೆಂದು ಒಂದು ಪೀಳಿಗೆಯ ಬಾಯಿಯನ್ನೇ ಮುಚ್ಚಿದ್ದು ಪರಿಹಾರವಾಗಲಿಲ್ಲ. ವಿದ್ಯಾರ್ಥಿ ಚುನಾವಣೆ ಕುರಿತ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ, ಖರ್ಚಿಗೆ 5,000 ರೂಪಾಯಿಯ ಮಿತಿ ಹಾಕಿ ಚುನಾವಣೆ ನಡೆಸುವ ದಾರಿ ತೋರಿಸಿತು. ಅದರಲ್ಲಿ ಸಂಶೋಧನಾ ವಿದ್ಯಾರ್ಥಿ ಸ್ಪರ್ಧಿಸಲು 28 ವರ್ಷದ ಮಿತಿಯಿದೆ. ಮನೆ ನಡೆಸಲು ಒಂದಷ್ಟು ವರ್ಷ ದುಡಿದು ಆಮೇಲೆ ಪಿಎಚ್.ಡಿ.ಗೆ ಬರುವ ನಮ್ಮ ಹಳ್ಳಿಗಾಡಿನ ಅನೇಕರು ಸೇರುವ ಹೊತ್ತಿಗೇ ಆ ವಯಸ್ಸು ದಾಟಿರುತ್ತಾರೆ. ಚುನಾವಣೆಯನ್ನು ಮರಳಿ ತರುವ ಮಾತು ರಾಜ್ಯದಲ್ಲಿ 2025ರಲ್ಲಿ ಮತ್ತೆ ಎದ್ದಿತು. ಆ ಚರ್ಚೆಯಲ್ಲಿ ಇವರನ್ನೂ ನೆನೆಯಬೇಕು. ಯುಜಿಸಿಯ 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ, ಅದರ ಮೇಲೆ ಮೇಲ್ಮನವಿ ಕೇಳುವ ಒಬ್ಬ ಓಂಬುಡ್ಸ್‌ಪರ್ಸನ್ ಇರಬೇಕು. ಆ ಸಮಿತಿಯಲ್ಲಿ ವಿದ್ಯಾರ್ಥಿಗೆ ಸಿಗುವುದು ವಿಶೇಷ ಆಹ್ವಾನಿತನ ಕುರ್ಚಿ ಮಾತ್ರ, ಅದೂ ನಾಮನಿರ್ದೇಶನದಿಂದ. ಪ್ರಾಧ್ಯಾಪಕರ ಮೇಲಿನ ದೂರನ್ನು ಪ್ರಾಧ್ಯಾಪಕರೇ ಕೇಳುವ ಸಮಿತಿಯಲ್ಲಿ ಅವನ ಮಾತಿಗೆ ಎಷ್ಟು ತೂಕ ಎಂದು ನೀವೇ ಯೋಚಿಸಿ.

ಒಗ್ಗಟ್ಟಿನಿಂದ ಕೇಳಿದರೆ ಫಲವಿದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 11,000, 13,000 ರೂಪಾಯಿಗೆ ದುಡಿಯುತ್ತಿದ್ದರು. ಅವರು ತರಗತಿ ಬಹಿಷ್ಕರಿಸಿ ಹೋರಾಡಿದ ಮೇಲೆ, 2022ರ ಜನವರಿಯಲ್ಲಿ ಗೌರವಧನ ಅರ್ಹತೆ ಮತ್ತು ಅನುಭವದ ಪ್ರಕಾರ 26,000ದಿಂದ 32,000ಕ್ಕೆ ಏರಿತು. ಇಂದು ಪಿಎಚ್.ಡಿ. ಮುಗಿಸುವ ಅನೇಕರು ನಾಳೆ ನಿಲ್ಲುವುದು ಅದೇ ಸಾಲಿನಲ್ಲಿ. ಆದ್ದರಿಂದ ಈ ಎರಡು ಹೋರಾಟಗಳು ಬೇರೆ ಬೇರೆಯಲ್ಲ.

ಸರ್ಕಾರ ಮತ್ತು ವಿಶ್ವವಿದ್ಯಾಲಯಗಳ ಮುಂದೆ ನಾವು ಇಡಬೇಕಾದ ಬೇಡಿಕೆಗಳು ಇವು:

1. ಯಾವುದೇ ಫೆಲೋಶಿಪ್ ಆಗಲಿ, ಪ್ರತಿ ತಿಂಗಳ ನಿಗದಿತ ದಿನದೊಳಗೆ ಪಾವತಿಯಾಗಬೇಕು. ಕಚೇರಿಯ ತಪ್ಪಿನಿಂದ ತಡವಾದರೆ ಹೊಣೆ ಯಾರದೆಂದು ಗೊತ್ತುಪಡಿಸಬೇಕು. ಅಲ್ಲಿಯವರೆಗೆ ಹಾಸ್ಟೆಲ್ ಮತ್ತು ಮೆಸ್ ಬಾಕಿಗೆ ವಿದ್ಯಾರ್ಥಿಯನ್ನು ಪೀಡಿಸಬಾರದು.

2. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪೂರ್ಣಾವಧಿ ಪಿಎಚ್.ಡಿ. ಮಾಡುವ, ಬೇರೆ ಯಾವ ನೆರವೂ ಇಲ್ಲದ ಎಲ್ಲರಿಗೂ ಬದುಕಲು ಸಾಕಾಗುವ ಕನಿಷ್ಠ ಫೆಲೋಶಿಪ್ ಕೊಡಬೇಕು.

3. ಬೋಧನೆ, ಪ್ರಾಕ್ಟಿಕಲ್, ಮೌಲ್ಯಮಾಪನದ ಗಂಟೆಗಳನ್ನು ಲಿಖಿತವಾಗಿ ದಾಖಲಿಸಬೇಕು. ಮಿತಿ ಮೀರಿದ ಕೆಲಸಕ್ಕೆ ಸಂಭಾವನೆ ಕೊಡಬೇಕು.

4. ವೈವಾ ದಿನದ ಊಟ, ಉಡುಗೊರೆಗಳನ್ನು ಸುತ್ತೋಲೆಯ ಮೂಲಕ ನಿಷೇಧಿಸಬೇಕು.

5. ಕುಂದುಕೊರತೆ ಸಮಿತಿಗೆ ಸಂಶೋಧನಾ ವಿದ್ಯಾರ್ಥಿಗಳೇ ಆರಿಸಿದ ಪ್ರತಿನಿಧಿ ಬೇಕು. ದೂರು ಕೊಟ್ಟವರಿಗೆ ಗೈಡ್ ಬದಲಿಸಿಕೊಳ್ಳುವ ಹಕ್ಕಿರಬೇಕು.

6. ಮಹಿಳಾ ಸಂಶೋಧಕರಿಗೆ ಯುಜಿಸಿ ನಿಯಮ ಅವಕಾಶ ಕೊಟ್ಟಿರುವ 240 ದಿನಗಳವರೆಗಿನ ಹೆರಿಗೆ ರಜೆ ಯಾರ ಮರ್ಜಿಯನ್ನೂ ಕಾಯದೆ ಸಿಗಬೇಕು.

ಇನ್ನು ನಿಮ್ಮ ಕೈಲಾಗುವ ಕೆಲಸ. ನೀವು ಪದವೀಧರರಾಗಿದ್ದರೆ ನಿಮಗೆ ಇನ್ನೊಂದು ಮತವಿದೆ. ನಮ್ಮ ವಿಧಾನ ಪರಿಷತ್ತಿನಲ್ಲಿ ಪದವೀಧರ ಕ್ಷೇತ್ರದಿಂದ 7, ಶಿಕ್ಷಕರ ಕ್ಷೇತ್ರದಿಂದ 7 ಸದಸ್ಯರು ಆರಿಸಿ ಬರುತ್ತಾರೆ. ಪದವಿ ಪಡೆದು ಮೂರು ವರ್ಷವಾದವರು ಪದವೀಧರ ಕ್ಷೇತ್ರದ ಪಟ್ಟಿಗೆ ಹೆಸರು ಸೇರಿಸಬಹುದು. ಹಳೆಯ ಪಟ್ಟಿಯಲ್ಲಿದ್ದರೂ ಪ್ರತಿ ಚುನಾವಣೆಗೆ ಮತ್ತೆ ನಮೂನೆ 18 ತುಂಬಬೇಕು. ತುಂಬಿ. ಮತ ಕೇಳಲು ಬಂದ ಅಭ್ಯರ್ಥಿಯ ಮುಂದೆ ಈ ಆರು ಬೇಡಿಕೆಗಳನ್ನಿಟ್ಟು, ಸದನದಲ್ಲಿ ಪ್ರಶ್ನೆ ಎತ್ತುತ್ತೀರಾ ಎಂದು ಕೇಳಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕಳೆದ ವರ್ಷ ಪ್ರತಿ ತಿಂಗಳ ಫೆಲೋಶಿಪ್ ದೃಢೀಕರಣ ಯಾವ ದಿನ ಹೋಯಿತು, ಎಷ್ಟು ಜನರಿಗೆ ಎಷ್ಟು ತಿಂಗಳ ಬಾಕಿಯಿದೆ, ಕುಂದುಕೊರತೆ ಸಮಿತಿ ಎಷ್ಟು ಬಾರಿ ಸಭೆ ಸೇರಿತು ಎಂಬ ಮೂರೇ ಪ್ರಶ್ನೆ ಕೇಳಿ. ಮೂವತ್ತು ದಿನದೊಳಗೆ ಅವರು ಉತ್ತರ ಕೊಡಬೇಕು. ವಿದ್ಯಾರ್ಥಿ ಕೇಳಿದರೆ ಅವನ ಹೆಸರು ಗೈಡ್ ಕಿವಿಗೆ ಬೀಳುತ್ತದೆ, ನೀವು ಕೇಳಿದರೆ ಫೈಲು ಮೇಜಿನಿಂದ ಮೇಜಿಗೆ ಚಲಿಸುತ್ತದೆ. ನೀವು ಸಿಂಡಿಕೇಟ್ ಸದಸ್ಯರಾಗಿದ್ದರೆ ಮುಂದಿನ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಿ. ನೀವೇ ಗೈಡ್ ಆಗಿದ್ದರೆ, ನಿಮ್ಮ ಮುಂದಿರುವ ಕಾಗದಗಳಿಗೆ ಈ ಹೊತ್ತೇ ಸಹಿ ಹಾಕಿ.

ನಮ್ಮ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾಲಯಗಳು ನಮಗೆ ಲೆಕ್ಕ ಕೊಡಬೇಕು. ಅವುಗಳೊಳಗೆ ದುಡಿಯುವವರು ಅಂಜಿ ಸುಮ್ಮನಿರುವಾಗ ಹೊರಗಿರುವ ನಾವು ಸುಮ್ಮನಿದ್ದರೆ, ಆ ಅಂಜಿಕೆಗೆ ನಾವೂ ಕುಮ್ಮಕ್ಕು ಕೊಟ್ಟಂತೆ. ಈ ತಿಂಗಳು ಒಂದು ಅರ್ಜಿ ಬರೆಯಿರಿ, ಇನ್ನೊಬ್ಬರಿಂದ ಬರೆಸಿ. ಉತ್ತರ ಬರುವವರೆಗೆ ಬಿಡಬೇಡಿ.